ಜಾಮೀನಿಗೇ ಮುಗಿದುಹೋಗುವ ದುಡ್ಡು



ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಗದ್ದೆಯ ಬದು, ಮನೆಯ ಪಾಲು ಎಂದು ತಾವಾಗಿಯೇ ಕೋರ್ಟಿನ ಮೆಟ್ಟಿಲು ಹತ್ತಿದವರನ್ನು ಕಂಡು ಹುಟ್ಟಿದ ಮಾತದು. ಕ್ರಿಮಿನಲ್ ಕೇಸಿನಲ್ಲಿ ಆರೋಪಿಯ ಮನೆಯವರಿಗೆ ಹತ್ತುವುದೋ ಬಿಡುವುದೋ ಎಂಬ ಯೋಚನೆಗೇ ಎಡೆಯಿಲ್ಲ. ಮನೆಯ ಮಗನನ್ನು ಪೊಲೀಸರು ಜೀಪು ಹತ್ತಿಸಿಕೊಂಡು ಹೋದ ಮೇಲೆ ಕೋರ್ಟು ಬೇಡ ಎಂದು ಕೂತರೆ ಆಗುತ್ತದೆಯೇ? ವಕೀಲರು ಬೇಕು. ವಕೀಲರೆಂದರೆ ಫೀಸು. ಅದನ್ನು ಹೊಂದಿಸುವುದು ಹೇಗೆ, ಯಾವ ಹಂತಕ್ಕೆ ಕೊಡಬೇಕು, ಯಾವ ಹಂತದಲ್ಲಿ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ ಎನ್ನುವುದು ಇವತ್ತಿನ ವಿಷಯ.

ನಾನು ತಾಲ್ಲೂಕು ಮತ್ತು ಜಿಲ್ಲಾ ಕೋರ್ಟುಗಳಲ್ಲಿ ಆರೋಪಿಗಳ ಪರವಾಗಿ ವಕಾಲತ್ತು ಹಾಕುತ್ತಾ ಬಂದವನು. ಫೀಸಿನ ಮಾತು ನನ್ನ ಬಾಯಿಂದ ಬಂದಾಗ ಅದರಲ್ಲಿ ನನ್ನ ಕಸುಬಿನ ಪಕ್ಷಪಾತವೂ ಸ್ವಲ್ಪ ಸೇರಿರುತ್ತದೆ; ಕೇಳುವವರು ಅಷ್ಟನ್ನು ವಜಾ ಮಾಡಿಕೊಂಡು ಕೇಳಲಿ. ಇಷ್ಟು ವರ್ಷಗಳಲ್ಲಿ ನಾನು ಕಂಡಿದ್ದೇನೆಂದರೆ, ಮನೆಯವರು ಇದ್ದಬದ್ದದ್ದನ್ನೆಲ್ಲ ಮೊದಲ ವಾರದಲ್ಲೇ ಜಾಮೀನಿಗೆ ಸುರಿಯುತ್ತಾರೆ. ಹುಡುಗ ಹೊರಗೆ ಬರುತ್ತಾನೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ, ಕೇಸು ಮುಗಿಯಿತು ಎಂದೇ ಅನ್ನಿಸುತ್ತದೆ. ಕೇಸು ಮುಗಿದಿರುವುದಿಲ್ಲ. ವರ್ಷವೋ ಎರಡು ವರ್ಷವೋ ಕಳೆದು ಸಾಕ್ಷಿ ವಿಚಾರಣೆ ಶುರುವಾಗುವ ಹೊತ್ತಿಗೆ ವಕೀಲರಿಗೆ ಕೊಡಲು ಕೈಯಲ್ಲಿ ಕಾಸಿರುವುದಿಲ್ಲ. ಶಿಕ್ಷೆಯೋ ಬಿಡುಗಡೆಯೋ ಎಂದು ನಿಜವಾಗಿ ತೀರ್ಮಾನವಾಗುವುದು ಆ ಪಾಟೀ ಸವಾಲಿನ ದಿನಗಳಲ್ಲಿ. ಬಿತ್ತನೆ ಬೀಜವನ್ನು ಬೇಯಿಸಿ ಉಂಡವರ ಗತಿ ಆಗ ಇವರದ್ದಾಗುತ್ತದೆ.

ಮೊದಲ ರಾತ್ರಿಯಿಂದಲೇ ನೋಡೋಣ. ಠಾಣೆಯ ಕಾಂಪೌಂಡಿನ ಹೊರಗೆ, ಚಹಾದಂಗಡಿಯ ಬೆಂಚಿನ ಮೇಲೆ ಹೆಂಡತಿ, ಅತ್ತೆ, ಅಣ್ಣನೋ ಭಾವನೋ ಕೂತಿರುತ್ತಾರೆ. ಒಳಗೆ ಏನಾಗುತ್ತಿದೆ ಎಂದು ಯಾರೂ ಹೇಳುವುದಿಲ್ಲ. ಆಗ ಒಬ್ಬ ಮನುಷ್ಯ ಬಂದು ಪಕ್ಕದಲ್ಲಿ ಕೂರುತ್ತಾನೆ. ವಕೀಲನೂ ಅಲ್ಲ, ಪೊಲೀಸನೂ ಅಲ್ಲ, ಆದರೆ ಇಬ್ಬರನ್ನೂ ಹೆಸರು ಹಿಡಿದು ಕರೆಯಬಲ್ಲವನು. “ಅಕ್ಕಾ, ನಾಳೆ ಬೆಳಿಗ್ಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ತಾರೆ. ಅಷ್ಟರೊಳಗೆ ಐವತ್ತು ಸಾವಿರ ಹೊಂದಿಸಿದ್ರೆ ಸಂಜೆಗೆಲ್ಲಾ ಮನೇಲಿರ್ತಾರೆ. ಇಲ್ಲಾಂದ್ರೆ ಮೂರು ತಿಂಗಳು ಒಳಗೇ. ಲಾಯರ್ ನಮ್ಮೋರೇ, ನಾನು ಮಾತಾಡ್ತೀನಿ.”

ಈ ಮಾತಿನಲ್ಲಿ ನಿಜ ಎಷ್ಟು? ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು ಎಂಬುದು ನಿಜ. ಸಂವಿಧಾನದ 22ನೇ ವಿಧಿಯೇ ಅದನ್ನು ಹೇಳುತ್ತದೆ. ಉಳಿದದ್ದೆಲ್ಲ ಭಯದ ವ್ಯಾಪಾರ. ಕೈಯಿಂದ ಹೊಡೆದ ಸಣ್ಣಪುಟ್ಟ ಗಾಯ, ಬೈದಾಟದಂಥ ಜಾಮೀನೀಯ ಅಪರಾಧವಾದರೆ ಜಾಮೀನು ಆರೋಪಿಯ ಹಕ್ಕು; ಠಾಣೆಯಲ್ಲೇ ಕೊಟ್ಟು ಕಳಿಸಬೇಕು, ಅದಕ್ಕೆ ಐವತ್ತು ಸಾವಿರ ಯಾತಕ್ಕೆ? ಜಾಮೀನುರಹಿತ ಅಪರಾಧವಾದರೆ ಸರ್ಕಾರಿ ಅಭಿಯೋಜಕರಿಗೆ ತಕರಾರು ಸಲ್ಲಿಸಲು ಸಮಯ ಕೊಡಬೇಕು, ವಾದ ಕೇಳಬೇಕು, ಆದೇಶ ಬರಬೇಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧವಾದರೆ ಸಾಮಾನ್ಯವಾಗಿ ಸೆಷನ್ಸ್ ಕೋರ್ಟಿನವರೆಗೂ ಹೋಗಬೇಕು. “ನಾಳೆ ಸಂಜೆ” ಎಂದು ಮಾತು ಕೊಡುವ ಅಧಿಕಾರ ಎಂಥ ದೊಡ್ಡ ವಕೀಲರಿಗೂ ಇಲ್ಲ.

ಆದರೆ ಆ ಹೆಣ್ಣುಮಗಳಿಗೆ ಇದು ಗೊತ್ತಿರುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಬ್ಯಾಂಕಾಗಲಿ ಸೊಸೈಟಿಯಾಗಲಿ ತೆರೆದಿರುವುದಿಲ್ಲ. ಬಡ್ಡಿಗೆ ಕೊಡುವವನ ಬಾಗಿಲು ಮಾತ್ರ ತೆರೆದಿರುತ್ತದೆ. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿ ಎಂದುಕೊಳ್ಳಿ. 50,000ಕ್ಕೆ ತಿಂಗಳಿಗೆ 2,500, ವರ್ಷಕ್ಕೆ 30,000. ಅಸಲು ಹಾಗೇ ನಿಂತಿರುತ್ತದೆ. ಕೇಸು ಎರಡು ವರ್ಷ ಎಳೆದರೆ, ಬಡ್ಡಿಯೇ ಅಸಲನ್ನು ಮೀರಿಸಿ ಕೂರುತ್ತದೆ. ವಕೀಲರ ಫೀಸು ದುಬಾರಿ ಎಂದು ಜನ ದೂರುತ್ತಾರೆ, ಇರಲಿ. ಅನೇಕ ಮನೆಗಳನ್ನು ಮುಳುಗಿಸಿದ್ದು ಫೀಸಿಗಿಂತ ಹೆಚ್ಚಾಗಿ ಆ ರಾತ್ರಿಯ ಕೈಸಾಲ.

ಆ ರಾತ್ರಿ ಸಾಲ ಮಾಡಬೇಕಾದ ಅಗತ್ಯವೇ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಅದರ 12ನೇ ಕಲಮು ಯಾರಿಗೆಲ್ಲ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕು ಎಂದು ಪಟ್ಟಿ ಮಾಡುತ್ತದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆಯ ಕಾರ್ಮಿಕರು ಎಂದು ಹೋಗುವ ಆ ಪಟ್ಟಿಯಲ್ಲಿ ಒಂದು ಸಾಲು ಬಂಧನದಲ್ಲಿರುವವರದ್ದು. ಅಲ್ಲಿ ಆದಾಯದ ಮಾತೇ ಇಲ್ಲ. ಕೂಲಿಯವನಿರಲಿ, ಕೋಟ್ಯಧಿಪತಿಯಿರಲಿ, ಬಂಧನದಲ್ಲಿದ್ದಾನೆ ಎಂದರೆ ಉಚಿತ ವಕೀಲರನ್ನು ಕೇಳುವ ಹಕ್ಕುಳ್ಳವನು. ಪ್ರತಿ ತಾಲ್ಲೂಕು ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇದೆ, ಜಿಲ್ಲಾ ಕೋರ್ಟಿನಲ್ಲಿ ಜಿಲ್ಲಾ ಪ್ರಾಧಿಕಾರ ಇದೆ. ದೇಶಕ್ಕೆಲ್ಲ ಒಂದೇ ಸಹಾಯವಾಣಿ: 15100. ಬರೆದಿಟ್ಟುಕೊಳ್ಳಿ, ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದರೂ ಆದೀತು.

ಈ ಹಕ್ಕು ಯಾರೋ ದಯೆಯಿಂದ ಕೊಟ್ಟದ್ದಲ್ಲ. 1979ರಲ್ಲಿ ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಆಗದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಸುದ್ದಿ ಪತ್ರಿಕೆಯಲ್ಲಿ ಬಂತು. ಅದನ್ನು ಹಿಡಿದು ಕಪಿಲಾ ಹಿಂಗೋರಾನಿ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಹೋದರು. ಹುಸೈನಾರಾ ಖಾತೂನ್ ಪ್ರಕರಣ ಎಂದು ಹೆಸರಾದ ಆ ಕೇಸಿನಲ್ಲಿ, ತಮ್ಮ ಮೇಲಿನ ಆರೋಪಕ್ಕೆ ವಿಧಿಸಬಹುದಾದ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ ಒಳಗಿದ್ದವರು ಸಿಕ್ಕರು. ಬಡ ಆರೋಪಿಗೆ ವಕೀಲರನ್ನು ಕೊಡುವುದು ಸರ್ಕಾರದ ಕರ್ತವ್ಯ ಎಂಬ ಮಾತು ಅಲ್ಲಿ ಗಟ್ಟಿಯಾಯಿತು. ಭಾಗಲ್ಪುರದಲ್ಲಿ ಪೊಲೀಸರು ಬಂಧಿತರನ್ನು ಕುರುಡರನ್ನಾಗಿಸಿದ ಭೀಕರ ಪ್ರಕರಣದಲ್ಲಿ, 1980ರ ಡಿಸೆಂಬರಿನಲ್ಲಿ, ಮೊದಲ ಸಲ ಹಾಜರುಪಡಿಸಿದಾಗಲೇ “ನಿನಗೆ ಉಚಿತ ವಕೀಲರು ಸಿಗುತ್ತಾರೆ” ಎಂದು ಆರೋಪಿಗೆ ತಿಳಿಸುವುದು ಮ್ಯಾಜಿಸ್ಟ್ರೇಟರ ಹೊಣೆ ಎಂದಾಯಿತು.

ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಲ್ಲಿ ಉಳಿದಿರುವುದು ಸುಕ್ ದಾಸ್ ಪ್ರಕರಣ. ಅರುಣಾಚಲ ಪ್ರದೇಶದ ಕೇಸು. ಒಬ್ಬ ಸಹಾಯಕ ಎಂಜಿನಿಯರಿಗೆ ಬೆದರಿಕೆ ಹಾಕಿದ ಎಂಬ ಆರೋಪ, ಎರಡು ವರ್ಷ ಶಿಕ್ಷೆ. ವಿಚಾರಣೆಯುದ್ದಕ್ಕೂ ಆತನಿಗೆ ವಕೀಲರಿರಲಿಲ್ಲ. ಹೈಕೋರ್ಟಿಗೆ ಹೋದರೆ, ವಕೀಲರು ಬೇಕೆಂದು ಅವನು ಅರ್ಜಿಯನ್ನೇ ಹಾಕಲಿಲ್ಲವಲ್ಲ ಎಂಬ ಉತ್ತರ. 1986ರಲ್ಲಿ ನ್ಯಾಯಮೂರ್ತಿ ಭಗವತಿಯವರ ಪೀಠ ಆ ಶಿಕ್ಷೆಯನ್ನೇ ರದ್ದು ಮಾಡಿತು. ಹಕ್ಕಿದೆ ಎಂದೇ ಗೊತ್ತಿಲ್ಲದವನು ಅರ್ಜಿ ಹಾಕುವುದು ಎಲ್ಲಿಂದ? ಕೇಳದಿದ್ದರೂ ಕೊಡಬೇಕು ಎಂಬುದು ಅಂದಿನಿಂದ ಕಾನೂನು.

“ಪುಕ್ಕಟೆ ವಕೀಲರು ಏನು ಮಾಡಿಯಾರು ಸಾರ್?” ಎಂದು ಕೇಳುವವರಿದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ. ಹಿಂದೆ ಈ ಕೆಲಸ ಪಟ್ಟಿಯಲ್ಲಿದ್ದ ವಕೀಲರಿಗೆ ಸರದಿಯ ಮೇಲೆ ಬೀಳುತ್ತಿತ್ತು. ಅವರಿಗೆ ಸಿಗುತ್ತಿದ್ದ ಗೌರವಧನ ಕಡಿಮೆ, ಉತ್ಸಾಹವೂ ಅಷ್ಟಕ್ಕಷ್ಟೆ. 2022ರ ಯೋಜನೆಯ ಪ್ರಕಾರ ಜಿಲ್ಲೆಗಳಲ್ಲಿ ಕಾನೂನು ನೆರವು ಅಭಿರಕ್ಷಕರ ಕಚೇರಿಗಳು ಬಂದಿವೆ. ಅಲ್ಲಿನ ವಕೀಲರು ಪೂರ್ಣಾವಧಿಯವರು, ಖಾಸಗಿ ಕೇಸು ಹಿಡಿಯುವಂತಿಲ್ಲ, ಆರೋಪಿಗಳ ಪರ ನಿಲ್ಲುವುದೇ ಅವರ ಕೆಲಸ. ಅವರಲ್ಲೂ ಚುರುಕಾದವರಿದ್ದಾರೆ, ಮಂದಗತಿಯವರಿದ್ದಾರೆ, ನಮ್ಮಲ್ಲೂ ಹಾಗೆಯೇ. ಮೊದಲ ದಿನದ ರಿಮ್ಯಾಂಡಿನ, ಅಂದರೆ ಬಂಧನ ಮುಂದುವರಿಸಬೇಕೇ ಎಂದು ಮ್ಯಾಜಿಸ್ಟ್ರೇಟರು ನೋಡುವ ಹಂತದ, ಮಟ್ಟಿಗೆ ನನ್ನ ಅನುಭವ ಹೇಳುವುದಾದರೆ, ಐವತ್ತು ಕಿಲೋಮೀಟರು ದೂರದಿಂದ ಕಾರಿನಲ್ಲಿ ಬರುವ ದುಬಾರಿ ವಕೀಲರಿಗಿಂತ, ದಿನಾ ಅದೇ ಕೋರ್ಟಿನಲ್ಲಿ ನಿಲ್ಲುವ ಈ ವಕೀಲರೇ ವಾಸಿ. ಕೇಸಿನ ಕೆಲಸಕ್ಕೆ ಅವರು ಒಂದು ಕಾಸನ್ನೂ ಕೇಳುವಂತಿಲ್ಲ. ಕೇಳಿದರೆ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗಳಿಗೆ ದೂರು ಕೊಡಿ. ಆ ಸ್ಥಾನದಲ್ಲಿರುವವರೂ ನ್ಯಾಯಾಧೀಶರೇ.

ಮೊದಲ ಇಪ್ಪತ್ನಾಲ್ಕು ಗಂಟೆಯಲ್ಲಿ ವಕೀಲರಿಂದ ಆಗಬೇಕಾದ ಕೆಲಸ ಅಂಥ ದೊಡ್ಡ ವಾದವೇನೂ ಅಲ್ಲ. ಬಂಧಿಸಿದ ನಿಜವಾದ ಹೊತ್ತು ಯಾವುದು, ಬಂಧನದ ಮೆಮೊದಲ್ಲಿ ಬರೆದ ಹೊತ್ತು ಯಾವುದು, ಮೈಮೇಲೆ ಗಾಯವಿದ್ದರೆ ವೈದ್ಯಕೀಯ ತಪಾಸಣೆಯಲ್ಲಿ ದಾಖಲಾಯಿತೇ, ಮನೆಯವರಿಗೆ ತಿಳಿಸಿದರೇ, ಎಫ್‌ಐಆರ್ ಪ್ರತಿ ಸಿಕ್ಕಿತೇ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 38ನೇ ಕಲಮಿನ ಪ್ರಕಾರ, ಠಾಣೆಯಲ್ಲಿ ವಿಚಾರಣೆ ನಡೆಯುವಾಗ ಆರೋಪಿ ತನ್ನ ವಕೀಲರನ್ನು ಕಾಣಬಹುದು. ಇಡೀ ಹೊತ್ತು ಪಕ್ಕದಲ್ಲಿ ಕೂರಿಸಿಕೊಳ್ಳುವಂತಿಲ್ಲ, ಅಷ್ಟೆ. ಬಂಧನದ ಕಾರಣಗಳನ್ನು ಆರೋಪಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು, ಆ ಕ್ಷಣಕ್ಕೆ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವ ಎರಡು ಗಂಟೆ ಮೊದಲಾದರೂ ಕೊಡಬೇಕು ಎಂದು ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಹೇಳಿದೆ. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಒಡಿಶಾದಿಂದಲೋ ಬಿಹಾರದಿಂದಲೋ ಬಂದ ಹುಡುಗನಿಗೆ ಕನ್ನಡದ ಕಾಗದ ಕೊಟ್ಟು ಸಹಿ ಹಾಕಿಸಿಕೊಂಡರೆ ಸಾಲದು. ಇಷ್ಟನ್ನೆಲ್ಲ ಗಮನಿಸಿ ರಿಮ್ಯಾಂಡಿನ ಹೊತ್ತಿಗೆ ಮ್ಯಾಜಿಸ್ಟ್ರೇಟರ ಗಮನಕ್ಕೆ ತರುವುದಕ್ಕೆ ಸರ್ಕಾರಿ ಖರ್ಚಿನ ವಕೀಲರು ಧಾರಾಳವಾಗಿ ಸಾಕು. ನೀವು ಉಳಿಸಿಕೊಂಡದ್ದು ದುಡ್ಡು ಮಾತ್ರವಲ್ಲ, ಯೋಚಿಸಲು ಒಂದು ವಾರದ ಸಮಯ ಕೂಡ.

ಆ ವಾರದಲ್ಲಿ ಖಾಸಗಿ ವಕೀಲರನ್ನು ಹುಡುಕಿ. ಹುಡುಕುವುದು ಹೇಗೆ? ನಮ್ಮ ವೃತ್ತಿಯಲ್ಲಿ ಜಾಹೀರಾತು ಕೊಡುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮ ಬಿಡುವುದಿಲ್ಲ. ತಾವಾಗಿ ಠಾಣೆಗೆ, ಆಸ್ಪತ್ರೆಗೆ ಕಕ್ಷಿದಾರರನ್ನು ಹುಡುಕಿಕೊಂಡು ಜನರನ್ನು ಕಳಿಸುವವರು ಆ ನಿಯಮವನ್ನು ಮುರಿದೇ ಬಂದವರು. ಹಾಗೆ ಬಂದವರಿಂದ ಮೊದಲು ದೂರವಿರಿ. ನಾನು ಕೊಡುವ ಸಲಹೆ ಬಹಳ ಸರಳ: ಒಂದು ದಿನ ಕೂಲಿ ಬಿಟ್ಟು ಕೋರ್ಟಿಗೆ ಹೋಗಿ, ಸಾಕ್ಷಿ ವಿಚಾರಣೆ ನಡೆಯುವ ಹಾಲಿನ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತುಕೊಳ್ಳಿ. ತೆರೆದ ನ್ಯಾಯಾಲಯ, ಯಾರು ಬೇಕಾದರೂ ಕೂರಬಹುದು.

ಅಲ್ಲಿ ಏನು ನೋಡಬೇಕು ಎಂದು ಹೇಳುತ್ತೇನೆ. ಸರ್ಕಾರದ ಕಡೆಯ ಪಂಚ ಸಾಕ್ಷಿಯೊಬ್ಬ, ಅಂದರೆ ಮಹಜರಿಗೆ ಸಹಿ ಹಾಕಿದವನು, ಕಟ್ಟೆಯಲ್ಲಿ ನಿಂತಿದ್ದಾನೆ ಎನ್ನಿ. ಕೆಲವು ವಕೀಲರು ಎದ್ದು ನಿಂತು, “ನೀವು ಹೇಳುತ್ತಿರುವುದೆಲ್ಲ ಸುಳ್ಳು” ಎನ್ನುತ್ತಾರೆ. ಅವನು “ಸರಿಯಲ್ಲ” ಎನ್ನುತ್ತಾನೆ. ಅಲ್ಲಿಗೆ ಪಾಟೀ ಸವಾಲು ಮುಗಿಯಿತು. ಇನ್ನೊಬ್ಬರು ಕೂಗಾಡುವುದಿಲ್ಲ. “ಮಹಜರು ಬರೆದಿದ್ದು ಎಷ್ಟು ಹೊತ್ತಿಗೆ?” “ರಾತ್ರಿ ಎಂಟಕ್ಕೆ ಸಾರ್.” “ಅಲ್ಲಿ ಬೀದಿದೀಪ ಇತ್ತಾ?” “ಇರಲಿಲ್ಲ.” “ಮತ್ತೆ ಯಾವ ಬೆಳಕಲ್ಲಿ ಬರೆದರು?” “ಠಾಣೆಗೆ ಬಂದ ಮೇಲೆ ಬರೆದರು ಸಾರ್, ಅಲ್ಲೇ ಸಹಿ ಹಾಕಿದೆ.” ಮೂರು ಪ್ರಶ್ನೆಗೆ ಸ್ಥಳದಲ್ಲಿ ಬರೆದ ಮಹಜರು ಠಾಣೆಯಲ್ಲಿ ಬರೆದ ಮಹಜರಾಗಿಬಿಟ್ಟಿತು. ಈಗ ಹೊಸ ಸಂಹಿತೆಯ 105ನೇ ಕಲಮು ಶೋಧನೆ, ಜಪ್ತಿಯನ್ನು ವಿಡಿಯೊ ಮಾಡಲೇಬೇಕು ಎನ್ನುತ್ತದೆ. ಆ ವಿಡಿಯೊ ತರಿಸಿ ನೋಡಿದ್ದಾರೆಯೇ, ಅದರಲ್ಲಿನ ಸಮಯಕ್ಕೂ ಕಾಗದದ ಸಮಯಕ್ಕೂ ತಾಳೆ ಹಾಕಿದ್ದಾರೆಯೇ ಎಂಬುದರಲ್ಲಿ ಒಳ್ಳೆಯ ವಕೀಲರು ಯಾರೆಂದು ತಿಳಿಯುತ್ತದೆ. ದುಡ್ಡು ಕೊಡಬೇಕಾದದ್ದು ಈ ಕೆಲಸಕ್ಕೆ. ಆಫೀಸಿನ ಸೋಫಾಕ್ಕಲ್ಲ, ಕಾರಿಗಲ್ಲ.

ಇನ್ನು ಫೀಸಿನ ಮಾತುಕತೆ. ಸಂಕೋಚ ಬೇಡ. ನಮ್ಮ ಜನ ತರಕಾರಿಗೆ ಚೌಕಾಸಿ ಮಾಡುತ್ತಾರೆ, ವಕೀಲರ ಮುಂದೆ ಮಾತ್ರ “ನೀವು ಹೇಳಿದ ಹಾಗೆ ಸಾರ್” ಎಂದು ಕೈಮುಗಿದು ನಿಲ್ಲುತ್ತಾರೆ. ಮೊದಲು ಕೇಳಬೇಕಾದದ್ದು: ಈಗ ಹೇಳುತ್ತಿರುವ ಮೊತ್ತ ಯಾವ ಹಂತದವರೆಗೆ? ಜಾಮೀನು ಅರ್ಜಿ ಒಂದು ಹಂತ. ಮ್ಯಾಜಿಸ್ಟ್ರೇಟರು ತಿರಸ್ಕರಿಸಿದರೆ ಸೆಷನ್ಸ್, ಅಲ್ಲಿಯೂ ಆಗದಿದ್ದರೆ ಹೈಕೋರ್ಟು. ಬೆಂಗಳೂರೋ ಧಾರವಾಡವೋ ಕಲಬುರಗಿಯೋ, ಅಲ್ಲಿ ಬೇರೆ ವಕೀಲರು, ಬೇರೆ ಫೀಸು. ದೋಷಾರೋಪ ಪಟ್ಟಿ ಬಂದ ಮೇಲಿನ ವಿಚಾರಣೆ ಇನ್ನೊಂದು ಹಂತ. ಎಲ್ಲಕ್ಕೂ ಸೇರಿಸಿ ಒಂದೇ ಸಲ ಇಷ್ಟು ಎನ್ನುವವರಿಗೆ, ಹಂತ ಹಂತವಾಗಿ ಕೊಡುತ್ತೇವೆ ಎಂದು ಹೇಳಿ. ಒಪ್ಪುವವರು ಬಹಳ ಮಂದಿ ಇದ್ದಾರೆ, ಏಕೆಂದರೆ ಕಂತಿನಲ್ಲಾದರೂ ಸರಿಯಾಗಿ ಕೊಡುವ ಕಕ್ಷಿದಾರರು ನಮಗೂ ಬೇಕು. ಪ್ರತಿ ಡೇಟಿಗೆ ಇಷ್ಟು ಎಂದು ಮಾತಾಡಿಕೊಳ್ಳುವ ಪದ್ಧತಿಯೂ ಇದೆ. ನನಗೆ ಅದು ಸೇರದು. ಕೇಸು ಮುಂದೆ ಹೋದಷ್ಟೂ ವಕೀಲರಿಗೆ ಲಾಭ ಎಂದಾದರೆ, ಮುಂದಕ್ಕೆ ಹಾಕಿಸಿಕೊಳ್ಳುವ ಆಸೆ ದೇವರಂಥ ಮನುಷ್ಯನಿಗೂ ಬಂದೀತು.

ಎರಡನೆಯದಾಗಿ, ಸಾಕ್ಷಿ ವಿಚಾರಣೆಯ ದಿನ ಯಾರು ಬರುತ್ತಾರೆ? ಸೀನಿಯರ್ ಹೆಸರಿಗೆ ದುಡ್ಡು ಕೊಟ್ಟು, ಕಟ್ಟೆಯಲ್ಲಿ ಸಾಕ್ಷಿ ನಿಂತ ದಿನ ಮೊನ್ನೆ ಸೇರಿದ ಜೂನಿಯರ್ ಬಂದು ನಿಂತರೆ ಏನು ಗತಿ? ಇದನ್ನು ಮೊದಲೇ ಬಾಯಿಬಿಟ್ಟು ಕೇಳಿ. ಕೊಟ್ಟ ದುಡ್ಡಿಗೆ ರಸೀದಿ ಕೇಳಿ, ಇಲ್ಲವೆಂದರೆ ಫೋನಿನಲ್ಲೋ ಚೆಕ್ಕಿನಲ್ಲೋ ಪಾವತಿ ಮಾಡಿ, ಅದೇ ದಾಖಲೆ. ಫೀಸು ಬೇರೆ, ಖರ್ಚು ಬೇರೆ ಎಂದು ಬರೆಸಿಕೊಳ್ಳಿ. ಖರ್ಚಿನ ಹೆಸರಿನಲ್ಲಿ ಕೇಳುವುದೆಲ್ಲ ಖರ್ಚಲ್ಲ. ಉದಾಹರಣೆಗೆ ದೋಷಾರೋಪ ಪಟ್ಟಿ, ಸಾಕ್ಷಿಗಳ ಹೇಳಿಕೆಗಳ ಪ್ರತಿಯನ್ನು ಆರೋಪಿಗೆ ಉಚಿತವಾಗಿ ಕೊಡಬೇಕು, ಹಾಜರಾದ ದಿನದಿಂದ 14 ದಿನ ಮೀರದಂತೆ; ಇದು ಹೊಸ ಸಂಹಿತೆಯ 230ನೇ ಕಲಮಿನ ಮಾತು. ಅದಕ್ಕೆ ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ.

ಗೆದ್ದರೆ ಇಷ್ಟು, ಸೋತರೆ ಬೇಡ ಎಂಬ ಒಪ್ಪಂದ ಕೇಳಲು ಚೆನ್ನ. ಅದು ನಮ್ಮ ನಿಯಮಕ್ಕೆ ವಿರುದ್ಧ. ಫಲಿತಾಂಶದ ಮೇಲೆ ಫೀಸು ಕಟ್ಟುವಂತಿಲ್ಲ ಎಂದು ಪರಿಷತ್ತಿನ ನಿಯಮವೇ ಹೇಳುತ್ತದೆ. “ಬೇಲು ಗ್ಯಾರಂಟಿ” ಎಂದು ಹೇಳುವವರು ಏನನ್ನು ಆಧರಿಸಿ ಹೇಳುತ್ತಾರೆ ಎಂದು ಯೋಚಿಸಿ. ಬಹಳ ಸಲ ಅದರ ಹಿಂದೆ ಇನ್ನೊಂದು ಮಾತಿರುತ್ತದೆ: “ಸಾಹೇಬರಿಗೂ ಸ್ವಲ್ಪ ಕೊಡಬೇಕಾಗುತ್ತೆ.” ಆ ದುಡ್ಡು ಯಾವ ಸಾಹೇಬರಿಗೂ ತಲುಪದೆ ಕೇಳಿದವನ ಜೇಬಿನಲ್ಲೇ ಉಳಿಯುವುದೂ ಉಂಟು. ತಲುಪಿದರೆ ಇನ್ನೂ ಕೆಟ್ಟದ್ದು: 2018ರ ತಿದ್ದುಪಡಿಯಾದ ಮೇಲೆ ಭ್ರಷ್ಟಾಚಾರ ತಡೆ ಕಾಯಿದೆಯಲ್ಲಿ ಲಂಚ ಕೊಟ್ಟವನೂ ನೇರ ಅಪರಾಧಿ. ಒಂದು ಕೇಸು ಬಿಡಿಸಲು ಹೋಗಿ ಎರಡನೆಯದನ್ನು ಮೈಮೇಲೆ ಎಳೆದುಕೊಳ್ಳಬೇಡಿ.

ಜಾಮೀನು ಆದೇಶ ಬಂದ ಮೇಲೂ ಖರ್ಚು ಕಾದಿರುತ್ತದೆ. ಅದು ಶ್ಯೂರಿಟಿ. ಪಹಣಿ ಇರುವ ಜಾಮೀನುದಾರರು ಬೇಕು ಎನ್ನುತ್ತಾರೆ, ಕೆಲವೊಮ್ಮೆ ಇಬ್ಬರು. ಭೂಮಿ ಇಲ್ಲದವನಿಗೆ ಭೂಮಿ ಇರುವ ನೆಂಟರು ಎಲ್ಲಿಂದ ಬರಬೇಕು? ಕೋರ್ಟಿನ ಅಂಗಳದಲ್ಲಿ ಇಷ್ಟು ಕೊಟ್ಟರೆ ಬಂದು ಸಹಿ ಹಾಕುವ ಬಾಡಿಗೆ ಜಾಮೀನುದಾರರು ಹುಟ್ಟಿಕೊಂಡದ್ದು ಹೀಗೆ. ಅವರಲ್ಲಿ ಹಲವರ ಪಹಣಿ, ಆಧಾರ್ ಎರಡೂ ಖೋಟಾ. ಸಿಕ್ಕಿಬಿದ್ದರೆ ಆರೋಪಿಯ ಜಾಮೀನಿಗೂ ಕುತ್ತು. ವಕೀಲರನ್ನೇ “ನೀವೇ ಜಾಮೀನು ನಿಲ್ಲಿ” ಎಂದು ಕೇಳಬೇಡಿ, ನಮ್ಮ ಕಕ್ಷಿದಾರರಿಗೆ ನಾವು ನಿಲ್ಲುವಂತಿಲ್ಲ.

1978ರಲ್ಲಿ ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನ ಕೇಸು ಸುಪ್ರೀಂ ಕೋರ್ಟಿಗೆ ಬಂತು. ಜಾಮೀನು ಕೊಡಿ ಎಂದು ಮೇಲಿನ ಕೋರ್ಟು ಹೇಳಿದ್ದರೂ, ಕೆಳಗಿನ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಶ್ಯೂರಿಟಿ ಕೇಳಿದರು. ಅಂದಿನ ಗಾರೆಯವನಿಗೆ ಹತ್ತು ಸಾವಿರ! ಅವನ ಸಹೋದರ ಜಾಮೀನು ನಿಲ್ಲಲು ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಕೆಂಡಾಮಂಡಲವಾಗಿ ಬರೆದರು. ಶ್ಯೂರಿಟಿಯನ್ನು ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಗೆ ಇಳಿಸಿದರು. ಆ ತೀರ್ಪು ಬಂದು ಅರ್ಧ ಶತಮಾನವಾಗುತ್ತಾ ಬಂತು, ನಮ್ಮ ತಾಲ್ಲೂಕುಗಳಲ್ಲಿ ಈಗಲೂ ಬೇರೆ ಜಿಲ್ಲೆಯ ಪಹಣಿ ಕಂಡರೆ ಮುಖ ಸಿಂಡರಿಸುವ ಗುಮಾಸ್ತರಿದ್ದಾರೆ. ಆದರೂ ದಾರಿ ಮುಚ್ಚಿಲ್ಲ. ಜಾಮೀನೀಯ ಅಪರಾಧದಲ್ಲಿ ಒಂದು ವಾರದೊಳಗೆ ಶ್ಯೂರಿಟಿ ಕೊಡಲಾಗದವನನ್ನು ಬಡವ ಎಂದೇ ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. ಉಳಿದ ಕೇಸುಗಳಲ್ಲಿ, ಜಾಮೀನಾಗಿ ತಿಂಗಳಾದರೂ ಶ್ಯೂರಿಟಿ ಕೊಡಲಾಗದೆ ಒಳಗೇ ಉಳಿದವನ ಷರತ್ತನ್ನು ಕೋರ್ಟೇ ಮುಂದಾಗಿ ಸಡಿಲಿಸಬಹುದು ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ನಿರ್ದೇಶನ ಕೊಟ್ಟಿದೆ. ಷರತ್ತು ಇಳಿಸಿ ಎಂದು ಒಂದು ಪುಟದ ಅರ್ಜಿ ಹಾಕಿದರೆ ಆಗುವ ಕೆಲಸಕ್ಕೆ ಜನ ಹೊಲ ಅಡವಿಡುತ್ತಾರೆ.

ದೊಡ್ಡ ವಾದವೇ ಬೇಡದ ಇನ್ನೊಂದು ಜಾಮೀನೂ ಇದೆ. ಅಪರಾಧಕ್ಕೆ ತಕ್ಕಂತೆ 60 ಅಥವಾ 90 ದಿನದೊಳಗೆ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಆದರೆ ಪಟ್ಟಿ ಬರುವ ಮೊದಲೇ ಅರ್ಜಿ ಹಾಕಿರಬೇಕು. ಒಂದು ದಿನ ತಡವಾದರೂ ಹಕ್ಕು ಹೋಯಿತು. ಮ್ಯಾಜಿಸ್ಟ್ರೇಟರು ಮೊದಲ ಸಲ ರಿಮ್ಯಾಂಡ್ ಮಾಡಿದ ದಿನಾಂಕ ಬರೆದಿಟ್ಟು, ದಿನ ಎಣಿಸಿ ವಕೀಲರಿಗೆ ನೆನಪಿಸುವ ಕೆಲಸವನ್ನು ಮನೆಯವರೇ ಮಾಡಬಹುದು. ಹಾಗೆಯೇ ಹೊಸ ಸಂಹಿತೆಯ 479ನೇ ಕಲಮಿನ ಪ್ರಕಾರ, ಮೊದಲ ಬಾರಿ ಆರೋಪ ಹೊತ್ತವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗದಷ್ಟು ಕಾಲ ವಿಚಾರಣಾಧೀನನಾಗಿ ಕಳೆದಿದ್ದರೆ ಬಿಡುಗಡೆಗೆ ಅರ್ಹ, ಬೇರೆ ಕೇಸುಗಳಿಲ್ಲದಿದ್ದರೆ. ಜೀವಾವಧಿ, ಮರಣದಂಡನೆಯ ಅಪರಾಧಗಳಿಗೆ ಇದು ಅನ್ವಯಿಸದು. ಅಷ್ಟು ಕಾಲ ತುಂಬಿದ್ದನ್ನು ಕೋರ್ಟಿಗೆ ಬರೆದು ತಿಳಿಸುವುದು ಜೈಲಿನ ಅಧೀಕ್ಷಕರ ಕೆಲಸ. ನಮ್ಮ ದೇಶದ ಜೈಲುಗಳಲ್ಲಿ ಸುಮಾರು ನಾಲ್ವರಲ್ಲಿ ಮೂವರು ಇನ್ನೂ ಶಿಕ್ಷೆಯೇ ಆಗದ ವಿಚಾರಣಾಧೀನರು ಎಂಬುದನ್ನು ನೆನೆದರೆ, ಈ ಕಲಮು ಎಷ್ಟು ಮನೆಗಳಿಗೆ ಬೇಕು ಎಂದು ತಿಳಿದೀತು.

ಹೊರಗೆ ಬಂದ ಮೇಲೆ ಬಂಧನದ ಲೆಕ್ಕದಲ್ಲಿ ಸಿಕ್ಕ ಉಚಿತ ನೆರವು ತಾನಾಗಿಯೇ ಮುಂದುವರಿಯುವುದಿಲ್ಲ. ಹೆಂಗಸರು, ಪರಿಶಿಷ್ಟರು ಮುಂತಾದವರಿಗೆ ಆದಾಯ ಎಷ್ಟೇ ಇದ್ದರೂ ಸಿಗುತ್ತದೆ. ಉಳಿದವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿಯ ಮಿತಿ. ಅದರ ಒಳಗಿರುವವರು ವಿಚಾರಣೆಯುದ್ದಕ್ಕೂ ಅಭಿರಕ್ಷಕರನ್ನೇ ಇಟ್ಟುಕೊಳ್ಳಬಹುದು. ಮಿತಿಗಿಂತ ಸ್ವಲ್ಪ ಮೇಲೆ, ಅನುಕೂಲಸ್ಥರಿಗಿಂತ ಬಹಳ ಕೆಳಗೆ ಇರುವ ಸಂಸಾರಗಳೇ ನಿಜವಾಗಿ ಒದ್ದಾಡುವವರು: ಆಟೊ ಓಡಿಸುವವರು, ಸಣ್ಣ ಅಂಗಡಿಯವರು, ಖಾಸಗಿ ಶಾಲೆಯ ಮೇಷ್ಟ್ರು. ಮೊದಲ ವಾರದ ಉಳಿತಾಯದ ಮಾತು ಮುಖ್ಯವಾಗಿ ಇವರಿಗೆ. ಸಾಲ ಮಾಡಲೇಬೇಕಾದರೆ ವಿಚಾರಣೆಗೆ ಮಾಡಿ, ಹಗಲಲ್ಲಿ ಮಾಡಿ, ಬ್ಯಾಂಕಿನಲ್ಲಿ ಒಡವೆ ಇಟ್ಟು ಮಾಡಿ.

ಒಪ್ಪಿಕೊಂಡ ವಕೀಲರು ಸರಿಬರದಿದ್ದರೆ ಬದಲಾಯಿಸಬಹುದು. ಬಾಕಿ ಫೀಸು ಕೊಡದೆ ಕಡತ ಕೊಡುವುದಿಲ್ಲ ಎನ್ನುವಂತಿಲ್ಲ; 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಸ್ಪಷ್ಟವಾಗಿ ಹೇಳಿದೆ. ಬಾಕಿಯಿದ್ದರೆ ಕಾನೂನಿನ ಬೇರೆ ದಾರಿಯಲ್ಲಿ ವಸೂಲಿ ಮಾಡಿಕೊಳ್ಳಲಿ. ಇದನ್ನು ನಮ್ಮ ವಕೀಲ ಮಿತ್ರರು ಕೇಳಿಸಿಕೊಂಡರೆ ನನ್ನ ಮೇಲೆ ಸಿಟ್ಟಾದಾರು, ಆಗಲಿ.

ಇಷ್ಟೆಲ್ಲ ಆಗಿಯೂ ಶಿಕ್ಷೆಯಾದರೆ? ಮೇಲ್ಮನವಿಯ ದಾರಿಯಿದೆ, ಅದಕ್ಕೆ ಮೊದಲು ಬೇಕಾದದ್ದು ತೀರ್ಪಿನ ಪ್ರತಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನಲ್ಲಿ ಖೋಟಾ ಪದವಿ ಪತ್ರ ಮಾಡಿಸಲು ಹೊರಟು ಮುಂಬಯಿಯಲ್ಲಿ ಸಿಕ್ಕಿಬಿದ್ದ ಹೊಸ್ಕೋಟ್ ಎಂಬ ಅಧ್ಯಾಪಕನ ಕೇಸು 1978ರಲ್ಲಿ ಸುಪ್ರೀಂ ಕೋರ್ಟಿಗೆ ಬಂದದ್ದು ವರ್ಷಗಟ್ಟಲೆ ತಡವಾಗಿ. ಹೈಕೋರ್ಟಿನ ತೀರ್ಪಿನ ಪ್ರತಿ ತನ್ನ ಕೈಗೆ ಸಿಕ್ಕಿರಲಿಲ್ಲ ಎಂಬುದು ಅವನ ಅಳಲು. ಅಷ್ಟರಲ್ಲಿ ಅವನು ಶಿಕ್ಷೆಯನ್ನೇ ಅನುಭವಿಸಿ ಮುಗಿಸಿದ್ದ. ಕೃಷ್ಣ ಅಯ್ಯರ್ ಅವನ ಮೇಲೆ ಕನಿಕರ ತೋರಲಿಲ್ಲ, ಅರ್ಜಿ ವಜಾ ಮಾಡಿದರು. ಆದರೆ ಅದೇ ತೀರ್ಪಿನಲ್ಲಿ, ಜೈಲು ಶಿಕ್ಷೆಯಾದವನ ಕೈಗೆ ತೀರ್ಪಿನ ಪ್ರತಿಯನ್ನು ಉಚಿತವಾಗಿ, ತಡಮಾಡದೆ ತಲುಪಿಸಬೇಕು, ಮೇಲ್ಮನವಿಗೆ ವಕೀಲರನ್ನು ಇಟ್ಟುಕೊಳ್ಳಲಾಗದಿದ್ದರೆ ಸರ್ಕಾರ ಕೊಡಬೇಕು ಎಂದು ಬರೆದರು. ಆದ್ದರಿಂದ ತೀರ್ಪಿನ ದಿನ ಪ್ರತಿ ಕೈಗೆ ಬರುವವರೆಗೆ ಕೋರ್ಟು ಹಾಲಿನಿಂದ ಕದಲಬೇಡಿ. ಜೈಲಿನಲ್ಲಿರುವವರು ಮೇಲ್ಮನವಿಯನ್ನು ಅಧೀಕ್ಷಕರ ಕೈಗೇ ಕೊಡಬಹುದು. ಮುಂದಕ್ಕೆ ಕಳಿಸುವುದು ಅವರ ಕೆಲಸ, ಅದಕ್ಕೂ ಫೀಸಿಲ್ಲ.